ಹುಲಿ ಹೊಟ್ಟೆಯಿಂದ ಕ್ಯಾಸಿಯೋವರೆಗೆ: ನಮ್ಮ ಕಡೆಗೆ ಬಂದ ಪೆಟ್ಟಿಗೆಗಳ ಕತೆ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕೀಬೋರ್ಡು ಅಂದ್ರೆ "ಕಂಪ್ಯೂಟರಿಂದಾ?" ಅಂತ ಕೇಳ್ತಾರೆ. ಕ್ಯಾಸಿಯೋ ಅನ್ನಿ, ಹಾಲಿನ ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತೋರಿಗೂ ತಿಳೀತದೆ. ಯಮಹಾ ಆಗಿರ್ಲಿ, ರೋಲ್ಯಾಂಡ್ ಆಗಿರ್ಲಿ, ನಮ್ಗೆ ಎಲ್ಲಾನೂ ಕ್ಯಾಸಿಯೋನೇ, ವನಸ್ಪತಿಗೆಲ್ಲ ಡಾಲ್ಡಾ ಅಂದಂಗೆ. ನಮ್ಮತ್ತೆಗೆ ಆ ಹೆಸರೂ ಬೇಕಿಲ್ಲ. ಹಾರ್ಮೋನಿಯಂಗೂ ಕ್ಯಾಸಿಯೋಗೂ ಅವರು ಕರೆಯೋದು ಒಂದೇ: ಪೆಟ್ಟಿಗೆ. ಒತ್ತೋ ಪಟ್ಟಿಗಳಿಗೆ ಮೇಷ್ಟ್ರುಗಳೆಲ್ಲ 'ಮನೆ' ಅಂತಾರೆ. ಬಿಳಿ ಮನೆ, ಕರಿ ಮನೆ. ಮನೆಯೊಳಗೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಾಲು ಮನೆ.

ಈ ವರ್ಷ ನಮ್ಮ ಹಟ್ಟಿಗೆ ಅಂಥದ್ದೊಂದು ಪೆಟ್ಟಿಗೆ ತರೋ ಮಾತು ಎದ್ದಿತು. ಮಗಳಿಗೆ ಒಂಬತ್ತು ವರ್ಷ, ಪಿಯಾನೋ ಕಲೀತೀನಿ ಅಂತ ಹಟ. ನಿಜವಾದ ಪಿಯಾನೋ ತರೋ ಶಕ್ತಿಯೂ ಇಲ್ಲ, ಇಡೋಕೆ ಜಾಗವೂ ಇಲ್ಲ. ಹಾಗಾಗಿ ಕರೆಂಟಿಂದೇ ಗತಿ. ಕಬ್ಬಿನ ಬಿಲ್ಲಿನಲ್ಲಿ ಒಂದು ಪಾಲು ಇದಕ್ಕೆ ಅಂತ ಎತ್ತಿಟ್ಟಾಯ್ತು, ಆದ್ರೆ ಅದೇ ಕಾಸಿನ ಮೇಲೆ ಬೋರ್‌ವೆಲ್ ಮೋಟ್ರು ರಿಪೇರೀದೂ ಕಣ್ಣಿತ್ತು. ತಂದದ್ದು ಆರು ತಿಂಗಳಲ್ಲಿ ಅಟ್ಟ ಸೇರಿದ್ರೆ ದುಡ್ಡೂ ಹೋಯ್ತು, ಮಗೀನ ಆಸೇನೂ ಹೋಯ್ತು. ಅದಕ್ಕೇ ಅಂಗಡಿಯೋರು ಕೊಟ್ಟ ಪಟ್ಟಿ ಪಕ್ಕಕ್ಕಿಟ್ಟು, ನಮ್ಮ ನೆಲಕ್ಕೆ ಇಂಥ ಪೆಟ್ಟಿಗೆಗಳು ಯಾವ ಕಾಲದಲ್ಲಿ ಹೆಂಗೆ ಬಂದ್ವು, ಬಂದಾಗ ಜನ ಏನು ನೋಡಿ ಆರಿಸಿದ್ರು ಅಂತ ಹುಡುಕ್ತಾ ಕೂತೆ. ಹುಡುಕಿದ್ದು ದಂಡವಾಗ್ಲಿಲ್ಲ. ಏನು ಕೊಳ್ಳಬೇಕು ಅನ್ನೋದಕ್ಕೆ ಉತ್ತರ ಆ ಕತೇಲೇ ಇತ್ತು.

ಮೊದಲ ಪೆಟ್ಟಿಗೆ ಹುಲಿ ಹೊಟ್ಟೆಯೊಳಗೆ

ಮಂಡ್ಯ ಜಿಲ್ಲೆ ನೆಲದಲ್ಲಿ ಇದ್ದ ಮನೆ-ಸಾಲಿನ ವಾದ್ಯಗಳಲ್ಲಿ ತುಂಬ ಹಳೇದು ಅಂತ ನನಗೆ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಸುಲ್ತಾನನ ಮರದ ಹುಲಿ ಎಲ್ಲರಿಗೂ ಗೊತ್ತು. ಕೆಳಗೆ ಬಿದ್ದ ಬಿಳಿ ಸಿಪಾಯಿ ಮೇಲೆ ಹುಲಿ ಬಾಯಿ ಹಾಕಿರೋ ಗೊಂಬೆ. ಪಕ್ಕದ ಹಿಡಿ ತಿರುಗಿಸಿದ್ರೆ ಸಿಪಾಯಿ ಕೈ ಆಡಿಸಿ ನರಳ್ತಾನೆ, ಹುಲಿ ಗುರುಗುಟ್ಟುತ್ತದೆ. ಇಷ್ಟು ಶಾಲೆ ಪುಸ್ತಕದಲ್ಲೇ ಓದಿದ್ವಿ. ಆದ್ರೆ ಆ ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ ಅದೆ, ಅದನ್ನ ತೆಗೆದ್ರೆ ಒಳಗೊಂದು ಪುಟ್ಟ ಆರ್ಗನ್ನು, 18 ಮನೆಯದು, ಅನ್ನೋದು ಎಷ್ಟು ಜನಕ್ಕೆ ಗೊತ್ತು? ಆ ಮನೆಗಳು ಈಗಿನಂಗೆ ಉದ್ದ ಪಟ್ಟಿಯಲ್ಲ, ದಂತದ ಗುಂಡಿಗಳು. ತಿದಿಯ ಗಾಳಿ ಕೊಳವೆಗಳಿಗೆ ಹೋಗಿ ಸದ್ದು ಬರ್ತದೆ.

1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದಾಗ ಇಂಗ್ಲಿಷರು ಅದನ್ನ ಲಂಡನ್ನಿಗೆ ಸಾಗಿಸಿದ್ರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನಕ್ಕೆ ತೋರಿಸಿದ್ರು, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅದೆ. ಹೋಗಿದ್ದು ಹೋಯ್ತು. ನಮಗೆ ಇಲ್ಲಿ ಬೇಕಾದ್ದು ಒಂದೇ ವಿಷಯ. ಆ ಗುಂಡೀನ ಮೆಲ್ಲಗೆ ಒತ್ತಿ, ಗುದ್ದಿ ಒತ್ತಿ, ಸದ್ದು ಒಂದೇ ಸಮ. ಗಾಳಿ ಎಷ್ಟು ಬತ್ತದೋ ಅಷ್ಟು ಸದ್ದು. ಬೆರಳಿಗೆ ಗೊತ್ತಿರೋದು ತೆಗೆಯೋದು, ಮುಚ್ಚೋದು, ಎರಡೇ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಬತ್ತದೆ.

ಪಿಯಾನೋ ಅರಮನೆಯಲ್ಲೇ ಉಳೀತು

ಬೆರಳಿನ ಒತ್ತು ಕೇಳೋ ಯಂತ್ರ ಆ ಹೊತ್ತಿಗಾಗಲೇ ಹುಟ್ಟಿ ನೂರು ವರ್ಷದ ಹತ್ರ ಆಗಿತ್ತು. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೋಫೊರಿ ಅನ್ನೋ ಕುಶಲಕರ್ಮಿ 1700ರ ಆಸುಪಾಸಿನಲ್ಲಿ ಅದನ್ನ ಮಾಡಿದ. ಮನೆ ಒತ್ತಿದ್ರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡೀತದೆ. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಜೋರಾಗಿ ಒತ್ತಿದ್ರೆ ಜೋರಾಗಿ. ಅವನ ಭಾಷೆಯಲ್ಲಿ ಪಿಯಾನೋ ಅಂದ್ರೆ ಮೆಲ್ಲಗೆ, ಫೋರ್ಟೆ ಅಂದ್ರೆ ಜೋರು. ಪಿಯಾನೋಫೋರ್ಟೆ ಅನ್ನೋ ಹೆಸರೇ ಆ ಗುಣದಿಂದ ಬಂತು. ಹೆಸರಲ್ಲೇ ಇರೋ ಗುಣ ಬಿಟ್ರೆ ಅದು ಪಿಯಾನೋ ಹೆಂಗಾಯ್ತದೆ?

ನಮ್ಮ ಸೀಮೆಗೆ ಪಿಯಾನೋ ಬಂದಿತ್ತು, ಆದ್ರೆ ಮೈಸೂರು ಅರಮನೆಗೆ. ವೀಣೆ ಶೇಷಣ್ಣನವರು ವೀಣೆ ಜೊತೆಗೆ ಪಿಯಾನೋನೂ ನುಡಿಸ್ತಿದ್ರು. ನಾಲ್ವಡಿಯವರೂ ನಮ್ಮ ವಾದ್ಯಗಳ ಜೊತೆ ಪಾಶ್ಚಾತ್ಯ ವಾದ್ಯ ಕಲಿತಿದ್ರು. ಇವರೆಲ್ಲರಿಗಿಂತ ಒಂದು ಕೈ ಮುಂದೆ ಹೋದೋರು ಜಯಚಾಮರಾಜೇಂದ್ರ ಒಡೆಯರು. 1940ರಲ್ಲಿ ಪಟ್ಟಕ್ಕೆ ಬಂದ ಅವರು ಪಿಯಾನೋ ಬಿಡ್ಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದ್ರು, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದ್ರು. ಲಂಡನ್ನಿನಲ್ಲಿ ಕಷ್ಟದಲ್ಲಿ ದಿನ ದೂಡ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನೋ ಪಿಯಾನೋ ವಿದ್ವಾಂಸರ ಹೆಸರಲ್ಲಿ ಸೊಸೈಟಿ ಮಾಡಿ, ಅವರ ಕೃತಿಗಳನ್ನ ಎಚ್‌ಎಂವಿ ರೆಕಾರ್ಡಿನಲ್ಲಿ ಹಿಡಿಸಿಟ್ಟೋರು ನಮ್ಮ ಮಹಾರಾಜರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚರ್ಟೋನ ಅವರಿಗೇ ಅರ್ಪಿಸಿದ್ರು.

ಇಷ್ಟಾದ್ರೂ ಮೈಸೂರಿಂದ ಬರೀ ಮೂವತ್ತು ಮೈಲಿಯಾಚೆಯ ನಮ್ಮ ಊರುಗಳಿಗೆ ಪಿಯಾನೋ ಬರ್ಲೇ ಇಲ್ಲ. ಕಾರಣ ದೊಡ್ಡ ರಹಸ್ಯವೇನಲ್ಲ. ಗೋಡೆಗೆ ಆನಿಸಿ ಇಡೋ ಪಿಯಾನೋನೇ ಇನ್ನೂರು ಕೆಜಿ ಹತ್ರ ತೂಗ್ತದೆ. ಒಳಗೆ ಇನ್ನೂರಕ್ಕೂ ಮಿಕ್ಕಿ ತಂತಿ. ಮಳೆಗಾಲದ ತೇವ, ಬೇಸಿಗೆ ಝಳ ಎರಡಕ್ಕೂ ಮರ ಆಡ್ತದೆ, ಶ್ರುತಿ ಜಾರ್ತದೆ, ಶ್ರುತಿ ಕೂಡ್ಸೋನು ಪಟ್ಟಣದಿಂದ ಬರ್ಬೇಕು. ಗದ್ದೆ ಬಯಲಲ್ಲಿ ಗಾಡಿ ಮೇಲೆ ಹೇರ್ಕೊಂಡು ಊರೂರು ತಿರುಗೋ ವಸ್ತು ಅಲ್ಲ ಅದು.

ನಾಟಕದ ಹಿಂದೆ ಬಂದ ಹಾರ್ಮೋನಿಯಂ

ಊರಿಗೆ ಬಂದಿದ್ದು ಅದರ ಬಡ ನೆಂಟ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯಿನ್ 1840ರ ದಶಕದಲ್ಲಿ ಹಾರ್ಮೋನಿಯಂ ಅನ್ನೋ ಹೆಸರಿಗೆ ಪೇಟೆಂಟ್ ತಗೊಂಡ. ಅದನ್ನ ಕಾಲಲ್ಲಿ ತುಳೀಬೇಕಿತ್ತು. 1880ರ ದಶಕದ ಹೊತ್ತಿಗೆ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನ ನೆಲದಲ್ಲಿ ಕೂತು ಒಂದು ಕೈಲಿ ತಿದಿ ಒತ್ತೋ ಥರ ಮಾಡಿದ್ರು. ಒಳಗೆ ತಂತಿ ಇಲ್ಲ, ಹಿತ್ತಾಳೆ ರೀಡು. ಬೇಗ ಶ್ರುತಿ ಕೆಡಕಿಲ್ಲ. ತಲೆ ಮೇಲೆ ಹೊತ್ಕೊಂಡು ಹೋಗಬಹುದು. ಹತ್ತಾರು ವರ್ಷದಲ್ಲಿ ದೇಶವೆಲ್ಲ ಹಬ್ಬಿಬಿಡ್ತು.

ಕನ್ನಡ ಸೀಮೆಗೆ ಅದನ್ನ ಹೊತ್ತು ತಂದೋರು ನಾಟಕ ಕಂಪನಿಗಳು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಹೆಚ್ಚುಕಮ್ಮಿ ಕೈ ಹಾರ್ಮೋನಿಯಮ್ಮಿನ ವಾರಗೆಯೇ. ಕಂಪನಿಗಳಲ್ಲಿ ಹೆಚ್ಚು ಮರ್ಯಾದೆ ಇದ್ದಿದ್ದು ಮಾತ್ರ ಕಾಲಲ್ಲಿ ತುಳಿಯೋದಕ್ಕೆ, ಲೆಗ್ ಹಾರ್ಮೋನಿಯಂ ಅಂತಾರೆ. ಮೈಕು ಇಲ್ಲದ ಕಾಲ. ಸಾವಿರ ಜನ ಕೂತ ಟೆಂಟಿನ ಕೊನೇ ಸಾಲಿಗೂ ಕೇಳ್ಬೇಕು, ಎರಡೂ ಕೈ ನುಡಿಸೋಕೆ ಬಿಡುವಿರ್ಬೇಕು. ಆರ್. ಪರಮಶಿವನ್ ಅವರಂಥ ರಂಗಸಂಗೀತದ ಹಿರಿಯರು ಬೆಳೆದಿದ್ದು ಈ ಪೆಟ್ಟಿಗೆ ಮುಂದೇನೇ.

ಕನ್ನಂಬಾಡಿ ಕಟ್ಟಿ, ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಶುರುವಾದ ಮೇಲೆ ನಮ್ಮ ಕಡೆ ಜನರ ಕೈಲಿ ಒಂದಿಷ್ಟು ಕಾಸು ಆಡೋಕೆ ಹತ್ತಿತು. ಕಂಪನಿ ನಾಟಕ ನೋಡಿ ಬಂದೋರು ತಾವೇ ಬಣ್ಣ ಹಚ್ಚೋಕೆ ನಿಂತ್ರು. ಕುರುಕ್ಷೇತ್ರ, ದಾನಶೂರ ಕರ್ಣ ಅಂತ ಪೌರಾಣಿಕ ನಾಟಕ ಕಲಿಯೋದು ಇವತ್ತಿಗೂ ನಮ್ಮ ಕಡೆ ನಿಂತಿಲ್ಲ. ಮಂಡ್ಯದ ಕಲಾಮಂದಿರದ ಬಾಗಿಲಲ್ಲಿ ಫ್ಲೆಕ್ಸು ನೋಡಿ ಬೇಕಾದ್ರೆ. ಬೇರೆ ಕಡೆ ಪಾತ್ರಧಾರಿಗೆ ದುಡ್ಡು ಕೊಡ್ತಾರೆ, ನಮ್ಮಲ್ಲಿ ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತಗೋತಾನೆ. ದುರ್ಯೋಧನನಿಗೆ ಒಂದು ರೇಟು, ಬಾಗಿಲು ಕಾಯೋನಿಗೆ ಒಂದು ರೇಟು. ಎರಡು-ಮೂರು ತಿಂಗಳು ರಾತ್ರಿ ಹೊತ್ತು ತಾಲೀಮು. ಕಲಿಸೋರು ಹಾರ್ಮೋನಿಯಂ ಮೇಷ್ಟ್ರು. ಮಾತು ಅವರದ್ದು, ರಾಗ ಅವರದ್ದು, ಬೈಗುಳವೂ ಅವರದ್ದೇ.

ಮಳವಳ್ಳಿ ಕಡೆಯ ನಮ್ಮ ಮಾವ ಅಂಥ ಮೇಷ್ಟ್ರ ಕೈಕೆಳಗೆ ಪೆಟ್ಟಿಗೆ ಹೊತ್ತು, ಆಮೇಲೆ ತಾವೂ ನುಡಿಸೋಕೆ ಕಲಿತೋರು. ಮೇಷ್ಟ್ರುಗಳ ಒಂದು ವಿದ್ಯೆ ಬಗ್ಗೆ ಅವರು ಯಾವಾಗ್ಲೂ ಹೇಳ್ತಿರ್ತಾರೆ. ಒಬ್ಬ ಪಾತ್ರಧಾರಿ ಕರಿ ಒಂದ್ರಲ್ಲಿ ಹಾಡ್ತಾನೆ, ಇನ್ನೊಬ್ಬ ಬಿಳಿ ನಾಲ್ಕರಲ್ಲಿ. ಮೇಷ್ಟ್ರಾದೋನು ಅದೇ ಹಾಡನ್ನ ಯಾವ ಮನೆಯಿಂದ ಬೇಕಾದ್ರೂ ಎತ್ತಿ ನುಡಿಸ್ಬೇಕು, ಅದೂ ಆಟದ ಮಧ್ಯೆ, ಗ್ಯಾಸ್‌ಲೈಟಿನ ಬೆಳಕಿನಲ್ಲಿ. "ಒಂದೇ ಮನೇಲಿ ಕಲ್ತೋನು ಬಾಡಿಗೆದಾರ ಕನವ್ವ, ಎಲ್ಲಾ ಮನೇಲೂ ಓಡಾಡೋನು ಯಜಮಾನ" ಅಂತಾರೆ.

ಇಷ್ಟು ಕೆಲಸ ಮಾಡಿದ ಪೆಟ್ಟಿಗೆಗೆ ದೊಡ್ಡೋರ ಸಭೆಯಲ್ಲಿ ಮರ್ಯಾದೆ ಇರ್ಲಿಲ್ಲ. ಎರಡು ಸ್ವರದ ನಡುವಿನ ಜಾರು, ಗಮಕ ಇದರಲ್ಲಿ ಬರಾಕಿಲ್ಲ, ಮನೆಗಳ ಅಂತರವೂ ನಮ್ಮ ಸಂಗೀತದ ಸೂಕ್ಷ್ಮಕ್ಕೆ ಒಗ್ಗಾಕಿಲ್ಲ ಅನ್ನೋದು ತಕರಾರು. ಆಲ್ ಇಂಡಿಯಾ ರೇಡಿಯೋದವರು 1940ರ ಮಾರ್ಚಿಯಿಂದ ಹಾರ್ಮೋನಿಯಮ್ಮನ್ನ ನಿಷೇಧಿಸೇಬಿಟ್ರು. ಆಗ ಮುಖ್ಯಸ್ಥರಾಗಿದ್ದೋರು ಲಯನಲ್ ಫೀಲ್ಡನ್. ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೋಲ್ಡ್ಸ್ ಅದಕ್ಕೆ ಮುಂಚೇನೇ ಈ ವಾದ್ಯವನ್ನ ಹೀಗಳೆದು ಬರೆದಿದ್ರು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋ ಬಾಗಿಲು ಹಾಕಿಸ್ಕೊಂಡ ವಾದ್ಯ ನಮ್ಮ ಊರ ಮಾರಿಗುಡಿ ಮುಂದೆ ಒಂದು ರಾತ್ರೀನೂ ಸುಮ್ನೆ ಕೂರ್ಲಿಲ್ಲ. ಯಾರು ಬೇಡ ಅಂದ್ರು ಅನ್ನೋದಕ್ಕಿಂತ ಯಾರಿಗೆ ಬೇಕಿತ್ತು ಅನ್ನೋದೇ ಮುಖ್ಯ.

ಗಮಕದ ತಕರಾರಿನ ಗದ್ದಲದಲ್ಲಿ ಇನ್ನೊಂದು ಸಂಗತಿ ಮರೆತುಹೋಯ್ತದೆ. ಹಾರ್ಮೋನಿಯಂ ಕೂಡ ಹುಲಿ ಹೊಟ್ಟೆಯ ಆರ್ಗನ್ನಿನ ಜಾತಿ. ಜೋರು-ಮೆಲ್ಲಗೆ ಎಲ್ಲಾ ತಿದಿ ಕೈಲಿ, ಬೆರಳ ಕೈಲಿ ಅಲ್ಲ. ನುಡಿಸೋನ ಒಂದು ಕೈ ಉಸಿರು, ಇನ್ನೊಂದು ಕೈ ಮಾತು.

ಕರೆಂಟು ಹುಟ್ಟಿದ್ದು ಮಳವಳ್ಳೀಲಿ

ಮುಂದಿನ ಪೆಟ್ಟಿಗೆಗೆ ಕರೆಂಟು ಬೇಕು. ಆ ವಿಷಯದಲ್ಲಿ ನಮ್ಮಷ್ಟು ಹಳೇ ಊರು ಅಪರೂಪ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿಂದ ವಿದ್ಯುತ್ ತೆಗೆದ್ರು. ಆ ಕರೆಂಟು ನಮ್ಮ ತಲೆ ಮೇಲೇ ಹಾದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹತ್ತಿತು. 1940ರಲ್ಲಿ ಶಿಂಷಾ ವಿದ್ಯುತ್ ಕೇಂದ್ರವೂ ಇದೇ ತಾಲ್ಲೂಕಿನಲ್ಲಿ ಆಯ್ತು. ನಮ್ಮತ್ತೆ ಮಾತ್ರ ಮದುವೆಯಾಗಿ ಬಂದಾಗಲೂ ಹಟ್ಟೀಲಿ ಸೀಮೆಎಣ್ಣೆ ಬುಡ್ಡಿಯೇ. ಹಸು ನಮ್ದು, ಹಾಲು ಊರಿಗೆ. ಹಂಗಾಗಿ ಗಾಳಿ ಮೇಲೆ ಬದುಕೋ ಹಾರ್ಮೋನಿಯಂ ಹಳ್ಳಿಗಳಲ್ಲಿ ಇಷ್ಟು ದಿನ ರಾಜನಂಗಿದ್ದದ್ದು ಆಶ್ಚರ್ಯ ಅಲ್ಲ. ಅದಕ್ಕೆ ಯಾವ ಕಂಬದ ಹಂಗೂ ಇರ್ಲಿಲ್ಲ.

ಜಪಾನಿನಲ್ಲಿ ಆ ಹೊತ್ತಿಗೆ ಬೇರೆ ಕತೆ. ಹಮಾಮತ್ಸು ಅನ್ನೋ ಊರಿನ ಶಾಲೆಯಲ್ಲಿ 1887ರಲ್ಲಿ ಒಂದು ರೀಡ್ ಆರ್ಗನ್ ಕೆಟ್ಟು ನಿಂತಿತ್ತು, ನಮ್ಮ ಲೆಗ್ ಹಾರ್ಮೋನಿಯಮ್ಮಿನ ಅಣ್ಣ ಅನ್ನಿ. ಅದನ್ನ ರಿಪೇರಿ ಮಾಡೋಕೆ ಬಂದ ತೊರಾಕುಸು ಯಮಹಾ ಅನ್ನೋನು ನೋಡ್ತಾ ನೋಡ್ತಾ ತಾನೇ ಒಂದು ಮಾಡಿದ. ಅವನ ಹೆಸರಿನ ಕಂಪನೀದೇ ಇವತ್ತಿನ ಯಮಹಾ ಕೀಬೋರ್ಡು. ಕ್ಯಾಸಿಯೋದವರು ವಾದ್ಯದೋರಲ್ಲ, ಕಾಶಿಯೋ ಅಂತ ನಾಲ್ಕು ಜನ ಅಣ್ಣತಮ್ಮಂದಿರು, ಲೆಕ್ಕದ ಯಂತ್ರ ಮಾಡೋರು. ಮನೆಯ ಹೆಸರನ್ನೇ ತಿರುವಿ ಕ್ಯಾಸಿಯೋ ಅಂತ 1957ರಲ್ಲಿ ಕಂಪನಿ ಮಾಡಿದ್ರು. 1980ರಲ್ಲಿ ಕ್ಯಾಸಿಯೋಟೋನ್ 201 ಅಂತ ಮೊದಲ ಕೀಬೋರ್ಡು ಬಿಟ್ರು. 49 ಮನೆ. ಒಂದೇ ಪೆಟ್ಟಿಗೆಯಲ್ಲಿ ಪಿಯಾನೋ, ಆರ್ಗನ್, ಕೊಳಲು ಅಂತ ಹತ್ತಾರು ದನಿ.

ಆಮೇಲೆ ಬಂದ ಸಣ್ಣ, ಅಗ್ಗದ ಕ್ಯಾಸಿಯೋಗಳು ಗಣೇಶನ ಪೆಂಡಾಲಿನ ರಸಮಂಜರಿಗೆ, ಮದುವೆ ಆರ್ಕೆಸ್ಟ್ರಾಕ್ಕೆ, ಭಜನೆ ಮನೆಗೆ ಎಲ್ಲಾ ಕಡೆ ನುಗ್ಗಿದ್ವು. ಗುಂಡಿ ಒತ್ತಿದ್ರೆ ತಬಲಾನೂ ಅದೇ ಬಾರಿಸ್ತದೆ. ನಾಟಕದೋರೂ ಹಾರ್ಮೋನಿಯಂ ಪಕ್ಕಕ್ಕೆ ಒಂದು ಕ್ಯಾಸಿಯೋ ಕೂರಿಸ್ಕೊಂಡ್ರು, ಯುದ್ಧದ ಸದ್ದು, ಗುಡುಗು ಎಲ್ಲಾ ಅದರಿಂದಾನೇ. ಆದ್ರೆ ಒಂದು ನೋಡಿ: ಈ ಅಗ್ಗದ ಪೆಟ್ಟಿಗೆಗಳಲ್ಲೂ ಮೆಲ್ಲಗೆ ಒತ್ತಿದ್ರೂ ಜೋರಾಗಿ ಒತ್ತಿದ್ರೂ ಒಂದೇ ಸದ್ದು. ಕರೆಂಟು ಬಂದ್ರೂ ಬೆರಳು ಮಾತ್ರ ಹುಲಿ ಹೊಟ್ಟೆ ಮುಂದೆ ಇದ್ದಲ್ಲೇ ಇತ್ತು.

ಬೆರಳನ್ನ ಅಳೆಯೋ ವಿದ್ಯೆ

ಇದು ಬದಲಾಗೋಕೆ ಒಂದು ಸರಳ ಉಪಾಯ ಸಾಕಾಯ್ತು. ಪ್ರತಿ ಮನೆ ಕೆಳಗೂ ಒಂದರ ಬದಲು ಎರಡು ಸ್ಪರ್ಶ ಬಿಂದು ಇಡ್ತಾರೆ. ಬೆರಳು ಒತ್ತಿದಾಗ ಮೊದಲನೇದು ತಗಲಿ ಎರಡನೇದು ತಗಲೋಕೆ ಎಷ್ಟು ಹೊತ್ತು ಹಿಡೀತು ಅಂತ ಒಳಗಿನ ಚಿಪ್ಪು ಲೆಕ್ಕ ಹಾಕ್ತದೆ. ಬೇಗ ತಗಲಿದ್ರೆ ಜೋರಾಗಿ ಒತ್ತಿದೀರ, ನಿಧಾನ ತಗಲಿದ್ರೆ ಮೆಲ್ಲಗೆ. 1983ರಲ್ಲಿ ವಾದ್ಯಗಳು ಒಂದಕ್ಕೊಂದು ಮಾತಾಡೋಕೆ ಮಿಡಿ ಅನ್ನೋ ಒಪ್ಪಂದ ಆಯ್ತಲ್ಲ, ಅದರಲ್ಲಿ ಈ ಒತ್ತಿಗೆ 1ರಿಂದ 127ರವರೆಗೆ ಅಂಕಿ ಕೊಟ್ರು. ಅಂಗಡಿಯೋರು ಟಚ್ ಸೆನ್ಸಿಟಿವ್, ಟಚ್ ರೆಸ್ಪಾನ್ಸ್ ಅನ್ನೋದು ಇದಕ್ಕೇನೇ.

ಇನ್ನೊಂದು ಮೆಟ್ಟಿಲು ತೂಕದ್ದು. ಪಿಯಾನೋದಲ್ಲಿ ಮನೆ ಒತ್ತಿದ್ರೆ ಸುತ್ತಿಗೆ ಎತ್ತಿದ ಭಾರ ಬೆರಳಿಗೆ ತಿಳೀತದೆ. ಎಡಗಡೆ ಮಂದ್ರದ ಕಡೆ ಭಾರ ಹೆಚ್ಚು, ಬಲಗಡೆ ತಾರಕ್ಕೆ ಹೋದಂಗೆ ಹಗುರ. ಡಿಜಿಟಲ್ ಪಿಯಾನೋ ಅಂತ ಮಾರೋ 88 ಮನೆಯವುಗಳಲ್ಲಿ ಈ ಭಾರವನ್ನೂ ಕೂಡಿಸಿರ್ತಾರೆ. 61 ಮನೆಯ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಭಾರ ಇರಕಿಲ್ಲ, ಸ್ಪ್ರಿಂಗು. ಟಚ್ ಇರಬಹುದು, ಇಲ್ಲದೇನೂ ಇರಬಹುದು. ಹೊರಗಿಂದ ನೋಡಿದ್ರೆ ಎರಡೂ ಅವಳಿ-ಜವಳಿ.

ಈಗ ನಮ್ಮ ಹಟ್ಟಿ ಲೆಕ್ಕಕ್ಕೆ ಬರಾನ. ಅಂಗಡಿಯಲ್ಲಿ ಕೇಳಿದಾಗ ಟಚ್ ಇರೋ 61 ಮನೆಯದಕ್ಕೆ ಹದಿಮೂರು ಸಾವಿರದ ಆಸುಪಾಸು ಅಂದ್ರು, ತೂಕದ 88 ಮನೆಯದಕ್ಕೆ ನಲವತ್ತು ಸಾವಿರ. 2023-24ನೇ ಸಾಲಿಗೆ ಕೇಂದ್ರ ಗೊತ್ತು ಮಾಡಿದ್ದ ಎಫ್‌ಆರ್‌ಪಿ ಟನ್ ಕಬ್ಬಿಗೆ 3,150 ರೂಪಾಯಿ, ಅದೂ 10.25 ಇಳುವರಿಗೆ. ಆ ರೇಟಿನಲ್ಲಿ ಮೊದಲನೇದು ನಾಲ್ಕು ಟನ್ ಕಬ್ಬು, ಎರಡನೇದು ಹೆಚ್ಚುಕಮ್ಮಿ ಹದಿಮೂರು ಟನ್ನು. ಕಡಿಯೋ ಕೂಲಿ, ಗೊಬ್ಬರ ಕಳೆದ್ರೆ ಇನ್ನೂ ಮೇಲೆ. ನಾವು ಕಬ್ಬು ಹಾಕೋ ಕಾರ್ಖಾನೆಯಿಂದ ಬಿಲ್ಲು ಬರೋದೂ ತಿಂಗಳು ತಡ. ಹದಿಮೂರು ಟನ್ನು ಒಂಬತ್ತು ವರ್ಷದ ಮಗೀನ ಹಟದ ಮೇಲೆ ಇಡೋದಾ ಅಂತ ಯಜಮಾನರು ಕೇಳಿದ್ರೆ ತಪ್ಪು ಅನ್ನಕ್ಕಾಗಲ್ಲ.

ಮಾವ ಬೇರೆ ಮಾತೆತ್ತಿದ್ರು. "ಆರ್ಮೋನಿ ಅದಲ್ಲವ್ವ, ಅದ್ರಲ್ಲೇ ಕಲೀಲಿ. ಅದುಕ್ಕೇನು ರ್‍ವಾಗ?" ಅವರ ಮಾತಲ್ಲಿ ಅರ್ಧ ನಿಜ ಇತ್ತು. ಸ್ವರಜ್ಞಾನಕ್ಕೆ, ಶ್ರುತಿಗೆ, ಮನೆಗಳ ಪರಿಚಯಕ್ಕೆ ಹಾರ್ಮೋನಿಯಂ ಸಾಕು. ಆದ್ರೆ ಕೈ ಹಾರ್ಮೋನಿಯಂನಲ್ಲಿ ಎಡಗೈ ತಿದಿಗೆ ಮೀಸಲು. ಪಿಯಾನೋ ಪಾಠದಲ್ಲಿ ಎಡಗೈಗೂ ಬಲಗೈಯಷ್ಟೇ ಕೆಲಸ, ಅದೂ ಎರಡು ಕೈ ಎರಡು ಬೇರೆ ಮಾತಾಡ್ಬೇಕು. ಮೇಲಾಗಿ ಬೆರಳಿನ ಒತ್ತು ಅಲ್ಲಿ ಕೆಲಸಕ್ಕೆ ಬರಾಕಿಲ್ಲ.

ನಾನು ವಾದ ಮಾಡ್ಲಿಲ್ಲ. ಅವರನ್ನೇ ಮಂಡ್ಯದ ಅಂಗಡಿಗೆ ಕರ್ಕೊಂಡು ಹೋದ್ವಿ. ಮೊದಲು ಟಚ್ ಇಲ್ಲದ ಒಂದು ಅಗ್ಗದ ಪೆಟ್ಟಿಗೆ ಇಟ್ರು. ಮಾವ ಒಂದು ಮನೆ ಒತ್ತಿದ್ರು, ಗುದ್ದಿದ್ರು, "ನಮ್ದುಕ್ಕಿಂತ ಕಡೆ, ಇದುಕ್ಕೆ ಉಸ್ರೇ ಇಲ್ಲ" ಅಂದ್ರು. ಪಕ್ಕದಲ್ಲಿ ಟಚ್ ಇರೋ 61 ಮನೆಯದು. ಮೆಲ್ಲಗೆ ಒತ್ತಿದ್ರು. ಸದ್ದು ಮೆಲ್ಲಗೆ ಬಂತು. ಇನ್ನೂ ಮೆಲ್ಲಗೆ ಒತ್ತಿದ್ರು. ಆಮೇಲೆ ಜೋರಾಗಿ. ಐದು ನಿಮಿಷ ಮಾತೇ ಇಲ್ಲ, ಅದೊಂದೇ ಮನೆ ಒತ್ತುತ್ತಾ ನಿಂತ್ರು. "ಇದ್ರಲ್ಲಿ ಬೆರ್‍ಳೇ ತಿದಿ ಕನವ್ವ" ಅಂದ್ರು. ಪಿಯಾನೋನ ಇಷ್ಟು ಚೆನ್ನಾಗಿ ವಿವರಿಸಿದ್ದನ್ನ ನಾನು ಇನ್ನೆಲ್ಲೂ ಕೇಳಿಲ್ಲ.

ಕೊನೆಗೆ ತಂದದ್ದು ಅದೇ, ಟಚ್ ಇರೋ 61 ಮನೆಯದು. ಕಾರಣ ಬಿಡಿಸಿ ಹೇಳ್ತೀನಿ, ನಿಮಗೂ ಬೇಕಾಗಬಹುದು. ಪಿಯಾನೋಗೆ 88 ಮನೆ, 52 ಬಿಳಿ, 36 ಕರಿ. ಆದ್ರೆ ಮೊದಲ ಒಂದೆರಡು ವರ್ಷದ ಪಾಠಗಳು ನಡುವಿನ ಐದು ಸ್ಥಾಯಿ ದಾಟೋದು ಅಪರೂಪ. 61 ಅಂದ್ರೆ ಸರಿಯಾಗಿ ಐದು ಸ್ಥಾಯಿ. ಮನೆ ಕಮ್ಮಿ ಇದ್ರೆ ಆಮೇಲೆ ಕೂಡಿಸ್ಕೋಬಹುದು. ಬೆರಳಿಗೆ ಜೋರು-ಮೆಲ್ಲಗೆ ಅನ್ನೋದೇ ಇಲ್ಲ ಅಂತ ಎರಡು ವರ್ಷ ಅಭ್ಯಾಸ ಆಗಿಹೋದ್ರೆ ಬಿಡಿಸೋದು ಕಷ್ಟ. ಅದಕ್ಕೇ ಮೊದಲು ಟಚ್, ಆಮೇಲೆ ಸಂಖ್ಯೆ. ಕಾಸಿರೋರು ಮೊದಲೇ ತೂಕದ 88 ತಂದ್ರೆ ಅದಕ್ಕಿಂತ ಒಳ್ಳೇದಿಲ್ಲ. ನಾವು ಉಳಿದ ಕಾಸಲ್ಲಿ ಮೋಟ್ರು ರಿಪೇರಿ ಮಾಡ್ಸಿ, ಮಿಕ್ಕಿದ್ದನ್ನ ಪೋಸ್ಟಾಫೀಸಿನಲ್ಲಿ ಹಾಕಿದ್ವಿ. ಮಗಳು ಎರಡು ವರ್ಷ ಬಿಡದೆ ಕೂತ್ರೆ ಆ ದುಡ್ಡು 88ಕ್ಕೆ. ಇದನ್ನ ಅವಳಿಗೂ ಹೇಳಿದೀವಿ, ಒಪ್ಪಂದ ಅವಳ ಜೊತೇಲೇ.

ಪರೀಕ್ಷೆ ಕಟ್ಟಿಸೋರು ಒಂದು ತಿಳ್ಕೊಂಡಿರಿ. ಮಹಾರಾಜರು ಫೆಲೋ ಆಗಿದ್ದ ಟ್ರಿನಿಟಿ ಕಾಲೇಜಿನ ಪರೀಕ್ಷಾ ವಿಭಾಗವಾಗಿ ಹುಟ್ಟಿದ ಟ್ರಿನಿಟಿ ಕಾಲೇಜ್ ಲಂಡನ್‌ನವರು ಇವತ್ತಿಗೂ ನಮ್ಮ ದೇಶದಲ್ಲಿ ಗ್ರೇಡ್ ಪರೀಕ್ಷೆ ಮಾಡ್ತಾರೆ. ಅದರಲ್ಲಿ ಪಿಯಾನೋ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ. ಕೀಬೋರ್ಡಿನ ದಾರೀಲಿ ತಾಳದ ಗುಂಡಿ, ಬೇರೆ ಬೇರೆ ದನಿ ಎಲ್ಲಾ ಪಾಠದ ಭಾಗ. ಪಿಯಾನೋ ದಾರೀಲಿ ಅವೆಲ್ಲ ಬೇಕಿಲ್ಲ. ಮೇಡಮ್ಮು ಯಾವ ದಾರಿ ಹಿಡಿಸ್ತಾರೆ ಅಂತ ಮೊದಲೇ ಕೇಳಿ, ಆಮೇಲೆ ಅಂಗಡಿ ಮೆಟ್ಟಿಲು ಹತ್ತಿ.

ಮನೇಲಿ ಇಟ್ಕೊಳ್ಳೋ ಮಾತು

ಕೊಳ್ಳೋ ಮುಂಚೆ ಅಂಗಡೀಲೇ ನೋಡಬೇಕಾದ್ದು ಹೆಚ್ಚೇನಿಲ್ಲ. ಒಂದೇ ಮನೇನ ಮೆಲ್ಲಗೆ, ಜೋರಾಗಿ ಒತ್ತಿ ನೋಡಿ. ಮನೆಗಳು ದೊಡ್ಡೋರ ಪಿಯಾನೋ ಅಗಲವೇ ಇರ್ಬೇಕು, ಮಕ್ಕಳದು ಅಂತ ಸಣ್ಣ ಮನೆಯದು ಬೇಡ, ಬೆರಳಿನ ಅಳತೆ ತಪ್ತದೆ. ಹಿಂದೆ ಪೆಡಲಿಗೆ ತೂತು ಇದೆಯಾ, ಹೆಡ್‌ಫೋನಿಗೆ ತೂತು ಇದೆಯಾ ನೋಡಿ. ಬ್ಯಾಟರಿ ಸೆಲ್ಲಿನಲ್ಲೂ ನಡೆಯೋದಾದ್ರೆ ನಮ್ಮ ಕಡೆಗೆ ವಾಸಿ, ಸಂಜೆ ಕರೆಂಟು ಹೋದ್ರೆ ಪಾಠ ನಿಲ್ಲಕಿಲ್ಲ. ಅಡಾಪ್ಟರು ಅದರ ಜೊತೆ ಕೊಟ್ಟಿದ್ದೇ ಹಾಕಿ, ಮೊಬೈಲ್ ಅಂಗಡೀಲಿ ಸಿಕ್ಕಿದ್ದು ಹಾಕ್ಬೇಡಿ. ಗುಡುಗು-ಸಿಡಿಲಿನ ದಿನ ಪ್ಲಗ್ಗು ಕಿತ್ತಿಡಿ.

ಮಂಚದ ಮೇಲೆ, ತೊಡೆ ಮೇಲೆ ಇಟ್ಕೊಂಡು ನುಡಿಸೋದು ಬೇಡ. ಸ್ಟ್ಯಾಂಡು ಇಲ್ಲದಿದ್ರೆ ಗಟ್ಟಿ ಮೇಜು ಸಾಕು, ಕೂತಾಗ ಮೊಣಕೈ ಮನೆಗಳ ಮಟ್ಟಕ್ಕೆ ಬಂದ್ರಾಯ್ತು. ಬೆಲ್ಲದ ಡಬ್ಬ ಇಡೋ ರೂಮಲ್ಲಿ ಮಾತ್ರ ಇಡ್ಬೇಡಿ, ಇರುವೆ ಒಳಗೇ ಸಂಸಾರ ಹೂಡ್ತವೆ. ನುಡಿಸಿದ ಮೇಲೆ ಹಳೇ ಪಂಚೆ ಮುಚ್ಚಿ.

ಇನ್ನೊಂದು, ಟ್ರಾನ್ಸ್‌ಪೋಸ್ ಅನ್ನೋ ಗುಂಡಿ. ಅದನ್ನ ಒತ್ತಿದ್ರೆ ಒಂದೇ ಮನೆಯಿಂದ ನುಡಿಸ್ತಾ ಯಾವ ಶ್ರುತಿಗೆ ಬೇಕಾದ್ರೂ ಹೋಗ್ಬಹುದು. ಆರ್ಕೆಸ್ಟ್ರಾದೋರಿಗೆ ಅದು ವರ. ಕಲಿಯೋ ಮಗೀಗೆ ಅದು ಬಾಡಿಗೆ ಮನೆ. ಮಾವ ಅದರ ಮೇಲೆ ಒಂದು ಚೂರು ಪ್ಲಾಸ್ಟರ್ ಅಂಟಿಸಿದಾರೆ. ತಾಳದ ಗುಂಡಿ ಮೇಲೂ ಇನ್ನೊಂದು. ಭಾನುವಾರ ಮಾತ್ರ ಕೀಳೋಕೆ ಅನುಮತಿ.

ಹಾರ್ಮೋನಿಯಂ ಏನಾಯ್ತು ಅಂದ್ರೆ, ಅದು ಅಟ್ಟಕ್ಕೆ ಹೋಗ್ಲಿಲ್ಲ. ತಿದಿಗೆ ಹೊಸ ಬಟ್ಟೆ ಹಾಕ್ಸಿದ್ವಿ. ಶನಿವಾರದ ಭಜನೆಗೆ ಅದೇ ಬೇಕು, ಕರೆಂಟಿನ ಪೆಟ್ಟಿಗೆಗೆ ಹತ್ತು ಜನರ ಗಂಟಲ ಜೊತೆ ಸೆಣೆಸೋ ಎದೆ ಇಲ್ಲ. ಇನ್ನೂರು ವರ್ಷದಲ್ಲಿ ನಮ್ಮ ಕಡೆಗೆ ಬಂದ ಪ್ರತಿ ಪೆಟ್ಟಿಗೆಯೂ ಆ ಕಾಲಕ್ಕೆ ಏನು ಬೇಕಿತ್ತೋ ಅದನ್ನ ಕೊಟ್ಟು, ಬೇರೊಂದನ್ನ ಬಿಟ್ಟುಕೊಡಿಸ್ತು. ಟೆಂಟಿಗೆ ಸದ್ದು ಬೇಕಿತ್ತು, ಸಿಕ್ತು. ಪೆಂಡಾಲಿಗೆ ಬಣ್ಣ ಬಣ್ಣದ ದನಿ ಬೇಕಿತ್ತು, ಸಿಕ್ತು. ಬೆರಳಿನ ಮೆಲುದನಿ ಯಾರೂ ಕೇಳ್ಲಿಲ್ಲ, ಯಾಕಂದ್ರೆ ಬಯಲಲ್ಲಿ ಅದು ಯಾರಿಗೂ ಕೇಳಿಸ್ತಿರ್ಲಿಲ್ಲ. ಈಗ ವಾದ್ಯ ಬಯಲಿಂದ ಮನೆಯೊಳಗೆ ಬಂದದೆ, ನಡುಮನೇಲಿ ಒಂದು ಮಗು ಒಬ್ಬಳೇ ಕೂತು ಕಲೀತಾ ಅವಳೆ. ಹಂಗಾಗಿ ಮೆಲುದನಿ ಕೇಳೋ ಪೆಟ್ಟಿಗೇನೇ ಆರಿಸ್ಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ ಕೂಡಿಸ್ಕೊಂಡ್ರಾಯ್ತು.